ಸೆರಾಮಿಕ್ ಪೋಕರ್ ಚಿಪ್: ಸ್ಯಾಂಪಲ್ ತರಿಸಿ ಪರೀಕ್ಷಿಸುವ ಬಗೆ

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಎರಡು ವಾರಕ್ಕೊಮ್ಮೆ ಎಂಟು-ಹತ್ತು ಜನ ಗೆಳೆಯರು ಸೇರಿ ಟೆಕ್ಸಾಸ್ ಹೋಲ್ಡೆಮ್ ಆಡುತ್ತೇವೆ. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಟ್ಟಬೇಕಾದ ಪಣ) 25 ಮತ್ತು 50 ಸೆಂಟ್, ಬೈ-ಇನ್ (ಆಟಕ್ಕೆ ಕೂರಲು ಕೊಳ್ಳುವ ಚಿಪ್‌ನ ಮೊತ್ತ) 50 ಡಾಲರ್. ಈಗಿರುವುದು ಅಂಚಿನಲ್ಲಿ ದಾಳದ ಚಿತ್ರವಿರುವ 11.5 ಗ್ರಾಂನ ಅಗ್ಗದ ಚಿಪ್‌ಗಳು. 600 ಚಿಪ್‌ಗಳ ಸೆರಾಮಿಕ್ ಸೆಟ್ ಕೊಳ್ಳೋಣ ಅಂದುಕೊಂಡಿದ್ದೇವೆ. ಒಂದು ಕಡೆ ಸಿದ್ಧ ವಿನ್ಯಾಸದ ಸೆಟ್ ಇದೆ. ಇಲ್ಲೇ ಅಮೆರಿಕದಲ್ಲಿ ನಮ್ಮ ವಿನ್ಯಾಸ ಮುದ್ರಿಸಿಕೊಡುವವರು ಒಬ್ಬರು, ಚೀನಾದಿಂದ ಮಾಡಿಸಿ ಕಳಿಸುವವರು ಇನ್ನೊಬ್ಬರು. ಮೂವರಿಂದಲೂ ಒಂದೊಂದು ಬಣ್ಣಕ್ಕೆ ಒಂದೊಂದರಂತೆ ಸ್ಯಾಂಪಲ್ ಬಂದಿವೆ. ನೋಡಿದರೆ ಎಲ್ಲವೂ ಚೆನ್ನಾಗಿಯೇ ಇವೆ. ಹೇಗೆ ಆರಿಸುವುದು? ಚಿಪ್ ಮೇಲೆ ನಮ್ಮ ಗುಂಪಿನ ಹೆಸರನ್ನು ಕನ್ನಡದಲ್ಲಿ ಹಾಕಿಸುವ ಆಸೆಯೂ ಇದೆ.

ಉತ್ತರ: ಒಂದೊಂದೇ ಚಿಪ್ ತರಿಸಿದ್ದರಿಂದಲೇ ಎಲ್ಲವೂ ಚೆನ್ನಾಗಿ ಕಾಣುತ್ತಿವೆ. ಸೆರಾಮಿಕ್ ಚಿಪ್‌ನ ದೋಷ ಒಂದು ಚಿಪ್ಪಿನಲ್ಲಿ ಕಾಣಸಿಗುವುದು ಕಡಿಮೆ. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸದಲ್ಲಿ ಅದು ಅಡಗಿರುತ್ತದೆ: ಒಂದು ತುಸು ದಪ್ಪ, ಇನ್ನೊಂದು ತುಸು ಬಾಗಿದೆ, ಮೂರನೆಯದರ ಅಂಚಿನ ಪಟ್ಟೆ ಒಂದು ಮಿಲಿಮೀಟರ್ ಜರುಗಿದೆ. ಇದು ಗೊತ್ತಾಗಬೇಕಾದರೆ ಒಂದು ಬ್ಯಾರಲ್, ಅಂದರೆ 20 ಚಿಪ್, ಕೈಯಲ್ಲಿರಬೇಕು. ಮೂವರಿಂದಲೂ ಎರಡು ಬಣ್ಣಗಳಲ್ಲಿ ಇಪ್ಪತ್ತಿಪ್ಪತ್ತು ತರಿಸಿ. ಒಂದು ತಿಳಿ ಬಣ್ಣ, ಒಂದು ಗಾಢ ಬಣ್ಣ ಇರಲಿ. ಸಿದ್ಧ ಸೆಟ್‌ಗಳನ್ನು ಸಾಮಾನ್ಯವಾಗಿ 25ರ ಕಟ್ಟಿನಲ್ಲಿ ಮಾರುತ್ತಾರೆ, ಹಾಗಾಗಿ ಅಲ್ಲಿ ತೊಂದರೆಯಿಲ್ಲ. ವಿನ್ಯಾಸ ಮುದ್ರಿಸುವವರು ಬೇರೆ ಗಿರಾಕಿಗಳ ಆರ್ಡರ್‌ನಲ್ಲಿ ಮಿಕ್ಕ ಚಿಪ್‌ಗಳನ್ನು ಕೊಡುತ್ತಾರೆ. ಮೊದಲ ಸುತ್ತಿನ ಪರೀಕ್ಷೆಗೆ ಅವೂ ಸಾಕು, ಆದರೆ 20ಕ್ಕೆ 20ರ ಮೇಲೂ ಒಂದೇ ವಿನ್ಯಾಸ ಇರಬೇಕೆಂದು ಕೇಳಿ. 600 ಚಿಪ್‌ಗೆ ಹಣ ಸುರಿಯುವ ಮೊದಲು 120 ಚಿಪ್‌ಗೆ ಖರ್ಚು ಮಾಡುವುದು ಜಾಸ್ತಿ ಅನ್ನಿಸಬಹುದು. ಆದರೆ ಕಸ್ಟಮ್ ಮುದ್ರಣದ ಚಿಪ್ಪನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೊದಲು ಕೈಯಲ್ಲಿರುವ ವಸ್ತು ಏನೆಂದು ತಿಳಿದಿದ್ದರೆ ಏನನ್ನು ಹುಡುಕಬೇಕೆಂದು ಹೊಳೆಯುತ್ತದೆ. ಹೆಸರಿಗೆ ಸೆರಾಮಿಕ್ ಆದರೂ ಇದು ಭಟ್ಟಿಯಲ್ಲಿ ಸುಟ್ಟ ವಸ್ತುವಲ್ಲ. ಗಟ್ಟಿ ಪ್ಲಾಸ್ಟಿಕ್‌ನ ಬಿಳಿ ಬಿಲ್ಲೆ. ಒಳಗೆ ಲೋಹದ ತುಂಡಿಲ್ಲ. ವ್ಯಾಸ 39 ಮಿ.ಮೀ., ದಪ್ಪ ಸುಮಾರು 3.3 ಮಿ.ಮೀ., ತೂಕ 10 ಗ್ರಾಂ ಆಸುಪಾಸು. ಅದರ ಎರಡೂ ಮುಖಕ್ಕೆ ಮತ್ತು ಅಂಚಿಗೆ ಡೈ ಸಬ್ಲಿಮೇಷನ್ ವಿಧಾನದಲ್ಲಿ ಬಣ್ಣ ಹಿಡಿಸುತ್ತಾರೆ. ಕಾಗದದ ಮೇಲೆ ಅಚ್ಚಾದ ಬಣ್ಣವನ್ನು ಬಿಲ್ಲೆಗೆ ಒತ್ತಿ 200 ಡಿಗ್ರಿ ಸೆಲ್ಸಿಯಸ್ ಹತ್ತಿರದ ಶಾಖ ಕೊಟ್ಟಾಗ ಬಣ್ಣ ಆವಿಯಾಗಿ ಪ್ಲಾಸ್ಟಿಕ್‌ನ ಮೇಲ್ಪದರಕ್ಕೆ ಇಳಿಯುತ್ತದೆ. ಹೀಗಾಗಿ ಸ್ಟಿಕ್ಕರ್ ಇಲ್ಲ, ಏಳುವ ಪ್ರಶ್ನೆಯೂ ಇಲ್ಲ, ಮುಖದ ತುದಿಯಿಂದ ತುದಿಗೆ ಚಿತ್ರ ಬಿಡಿಸಬಹುದು. 1980ರ ದಶಕದಲ್ಲಿ ಮೈನ್ ರಾಜ್ಯದ ಚಿಪ್‌ಕೊ ಕಂಪನಿ ಈ ಬಗೆಯ ಚಿಪ್ಪನ್ನು ಕ್ಯಾಸಿನೊಗಳಿಗೆ ತಂದಾಗ ಮೆಚ್ಚುಗೆಯಾದದ್ದು ಈ ಗುಣಕ್ಕಾಗಿಯೇ. ತೊಂದರೆಗಳೂ ಇದೇ ವಿಧಾನದಿಂದ ಬರುತ್ತವೆ. ಕಾಯಿಸಿದ ಪ್ಲಾಸ್ಟಿಕ್ ತಣಿಯುವಾಗ ಎಲ್ಲ ಕಡೆ ಸಮನಾಗಿ ತಣಿಯದಿದ್ದರೆ ಬಾಗುತ್ತದೆ. ಆವಿಯಾದ ಬಣ್ಣ ತುಸು ಹರಡುವುದರಿಂದ ಸಣ್ಣ ಅಕ್ಷರ ಮಸುಕಾಗುತ್ತದೆ. ಬಣ್ಣ ಮೇಲ್ಪದರದಲ್ಲಷ್ಟೇ ಇರುವುದರಿಂದ ಅಂಚು ಜಜ್ಜಿದರೆ ಒಳಗಿನ ಬಿಳಿ ಇಣುಕುತ್ತದೆ.

ಪರೀಕ್ಷೆಗೆ ಬೇಕಾದ ಸಾಮಾನು ಹೆಚ್ಚೇನಿಲ್ಲ: ಒಂದು ಡಿಜಿಟಲ್ ಕ್ಯಾಲಿಪರ್, ಅಡುಗೆಮನೆಯ ತಕ್ಕಡಿ, 30 ಸೆಂ.ಮೀ. ಉದ್ದದ ನಯವಾದ ಹಲಗೆ, ಸ್ಕೇಲ್, ಎರಡೂ ಬದಿ ಅಂಟುವ ಟೇಪ್, ಪ್ರಿಂಟರ್ ಕಾಗದ, ಫೋನ್. ಚಿಪ್ ಬಂದ ಕೂಡಲೇ ಪರೀಕ್ಷೆಗೆ ಇಳಿಯಬೇಡಿ. ತಯಾರಿಕೆಯ ಪುಡಿ, ಜಿಡ್ಡು ಮೈಮೇಲೆ ಇರುತ್ತದೆ, ಅದರಿಂದ ಜಾರುವ ಗುಣವೇ ಬದಲಾಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿ, ಮೆತ್ತನೆಯ ಬಟ್ಟೆಯಿಂದ ಉಜ್ಜಿ, ತೊಳೆದು, ಒರೆಸಿ, ಒಂದು ರಾತ್ರಿ ಆರಲು ಬಿಡಿ. ಮೂವರ ಚಿಪ್ಪನ್ನೂ ಒಂದೇ ರೀತಿ ತೊಳೆಯಿರಿ. ಡಿಶ್‌ವಾಶರ್‌ಗೆ ಹಾಕಬೇಡಿ. ಶಾಖದಿಂದ ಸೇರಿದ ಬಣ್ಣಕ್ಕೆ ಮತ್ತೆ ಶಾಖ ಕೊಡುವುದು ಒಳ್ಳೆಯದಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಚಪ್ಪಟೆತನ. ಅಡುಗೆಮನೆಯ ಗ್ರಾನೈಟ್ ಕಟ್ಟೆ ಅಥವಾ ಗಾಜಿನ ಮೇಜಿನ ಮೇಲೆ ಚಿಪ್ ಇಟ್ಟು ಅಂಚಿಗೆ ಬೆರಳಿನಿಂದ ಮೆಲ್ಲಗೆ ತಿರುವು ಕೊಡಿ. ಚಪ್ಪಟೆಯಾದ ಚಿಪ್ ಅರ್ಧ ಸುತ್ತು ತಿರುಗುವುದರೊಳಗೆ ನಿಲ್ಲುತ್ತದೆ. ನಡು ಉಬ್ಬಿದ ಚಿಪ್ ಬುಗುರಿಯಂತೆ ತಿರುಗುತ್ತಲೇ ಇರುತ್ತದೆ. ಆಡುವವರು ಇದನ್ನು ಸ್ಪಿನ್ನರ್ ಎನ್ನುತ್ತಾರೆ. ಎರಡೂ ಮುಖ ಪರೀಕ್ಷಿಸಿ, ಏಕೆಂದರೆ ಒಂದು ಬದಿ ಉಬ್ಬಿದ್ದರೆ ಇನ್ನೊಂದು ಬದಿ ತಗ್ಗಾಗಿರುತ್ತದೆ, ತಗ್ಗು ಕೆಳಗಿದ್ದಾಗ ಚಿಪ್ ಅಂಚಿನ ಮೇಲೆ ಗಟ್ಟಿಯಾಗಿ ಕೂತು ಏನೂ ಆಗದಂತೆ ಕಾಣುತ್ತದೆ. ಉಬ್ಬು ಎಷ್ಟಿದೆ ಎಂದು ತಿಳಿಯಲು ಉಬ್ಬಿದ ಬದಿ ಕೆಳಗೆ ಮಾಡಿ ಒಂದು ಅಂಚನ್ನು ಒತ್ತಿ ಹಿಡಿದು, ಎದುರಿನ ಅಂಚಿನಡಿ ಪ್ರಿಂಟರ್ ಕಾಗದ ತೂರಿಸಿ ನೋಡಿ. ಆ ಕಾಗದದ ದಪ್ಪ ಸುಮಾರು 0.1 ಮಿ.ಮೀ. ಒಂದು ಹಾಳೆ ತೂರಿದರೆ ಸಹಿಸಬಹುದು. ಎರಡು ಹಾಳೆ ಒಟ್ಟಿಗೆ ತೂರಿದರೆ ಆ ಚಿಪ್ ದೋಷದ್ದು. ಇಪ್ಪತ್ತರಲ್ಲಿ ಒಂದು ಹೀಗಿದ್ದರೆ ಕ್ಷಮಿಸಬಹುದು. ಮೂರು ಇದ್ದರೆ ಆ ಮಾರಾಟಗಾರರನ್ನು ಪಟ್ಟಿಯಿಂದ ತೆಗೆಯಿರಿ, ಮುದ್ರಣ ಎಷ್ಟೇ ಸೊಗಸಾಗಿದ್ದರೂ ಸರಿ. ಇಪ್ಪತ್ತರಲ್ಲಿ ಮೂರು ಎಂದರೆ 600ರಲ್ಲಿ 90. ಬಾಗಿದ ಚಿಪ್ ಅಟ್ಟಿಯಲ್ಲಿ ಸೇರಿದರೆ ಮೇಲಿನವೆಲ್ಲ ತೊನೆಯುತ್ತವೆ. ಬಟ್ಟೆ ಹೊದಿಸಿದ ಮೇಜಿನ ಮೇಲೆ ಇದು ಅಷ್ಟಾಗಿ ಕಾಣುವುದಿಲ್ಲ, ಊಟದ ಮೇಜಿನ ಮೇಲೆ ಆಡುವವರಿಗೆ ಪ್ರತಿ ಸುತ್ತಿನಲ್ಲೂ ಕಾಡುತ್ತದೆ.

ಎರಡನೆಯದು ದಪ್ಪ. ಒಂದೊಂದು ಚಿಪ್ಪನ್ನೂ ಅಳೆಯುತ್ತ ಕೂರಬೇಕಿಲ್ಲ. ಇಪ್ಪತ್ತರ ಅಟ್ಟಿಯನ್ನು ಮಲಗಿಸಿ ಎರಡೂ ತುದಿಯಿಂದ ಹಗುರವಾಗಿ ಒತ್ತಿ ಕ್ಯಾಲಿಪರ್ ಹಿಡಿಯಿರಿ. 3.3 ಮಿ.ಮೀ. ಚಿಪ್ ಆದರೆ 66 ಮಿ.ಮೀ. ಬರಬೇಕು. ಅದೇ ಮಾರಾಟಗಾರರ ಇನ್ನೊಂದು ಬಣ್ಣದ ಇಪ್ಪತ್ತನ್ನೂ ಅಳೆಯಿರಿ. ನಂತರ ಎರಡು ಬಣ್ಣದ ಚಿಪ್‌ಗಳನ್ನು ಕಲೆಸಿ ಮತ್ತೆ ಇಪ್ಪತ್ತಿಪ್ಪತ್ತು ಮಾಡಿ ಅಳೆಯಿರಿ. ಪ್ರತಿ ಚಿಪ್ಪಿಗೆ 0.05 ಮಿ.ಮೀ. ವ್ಯತ್ಯಾಸ ಇದ್ದರೆ ಅಟ್ಟಿಯಲ್ಲಿ ಅದು 1 ಮಿ.ಮೀ. ಆಗುತ್ತದೆ, ಕಣ್ಣಿಗೆ ತೊಂದರೆಯಿಲ್ಲ. 0.15 ಇದ್ದರೆ 3 ಮಿ.ಮೀ., ಅಂದರೆ ಹತ್ತಿರ ಹತ್ತಿರ ಒಂದು ಚಿಪ್ಪಿನ ಎತ್ತರ. ಆಟದಲ್ಲಿ ಯಾರೂ ಚಿಪ್ಪನ್ನು ಒಂದೊಂದಾಗಿ ಎಣಿಸುವುದಿಲ್ಲ. ಒಂದು ಅಟ್ಟಿ ಎಣಿಸಿಟ್ಟು, ಅದರ ಪಕ್ಕಕ್ಕೆ ಉಳಿದವನ್ನು ಎತ್ತರ ಸಮ ಮಾಡಿ ಪೇರಿಸುತ್ತಾರೆ. ಆ ಲೆಕ್ಕವೇ ಸುಳ್ಳಾದರೆ ಪಾಟ್ (ಪಣಕ್ಕೆ ಬಿದ್ದ ಒಟ್ಟು ಚಿಪ್) ಹಂಚುವಾಗ ತಕರಾರು ಶುರುವಾಗುತ್ತದೆ. ಎರಡು ಅಟ್ಟಿಗಳ ನಡುವೆ 1.5 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ಬೇಡ ಅನ್ನಿ. ನಿಮ್ಮ ರ‍್ಯಾಕ್ ಅನ್ನೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳಿ. ನೂರರ ರ‍್ಯಾಕ್‌ನಲ್ಲಿ ಇಪ್ಪತ್ತರ ಐದು ಸಾಲು ಇರುತ್ತವೆ. ದಪ್ಪ ಚಿಪ್ ಆದರೆ ಇಪ್ಪತ್ತನೆಯದು ತುರುಕಬೇಕಾಗುತ್ತದೆ, ತೆಗೆಯುವಾಗ ಅಂಚು ಕೆತ್ತಿಹೋಗುತ್ತದೆ. 43 ಮಿ.ಮೀ. ವ್ಯಾಸದ ದೊಡ್ಡ ಚಿಪ್‌ಗಳು ಈ ರ‍್ಯಾಕ್‌ನಲ್ಲಿ ಕೂರುವುದೇ ಇಲ್ಲ. ನಿಮ್ಮ ಆಟಕ್ಕೆ ಅವು ಬೇಕಾಗಿಯೂ ಇಲ್ಲ.

ತೂಕದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಭಾರವಾದದ್ದೇ ಉತ್ತಮ ಎಂಬ ನಂಬಿಕೆ ಅಗ್ಗದ ಚಿಪ್ ಮಾರುವವರು ಹಬ್ಬಿಸಿದ್ದು. ನಿಮ್ಮ ಈಗಿನ 11.5 ಗ್ರಾಂ ಬರುವುದು ಒಳಗಿನ ಲೋಹದಿಂದ. ಅಮೆರಿಕದ ಕ್ಯಾಸಿನೊಗಳಲ್ಲಿ ಬಳಕೆಯಲ್ಲಿರುವ, ಟೊಪ್ಪಿ ಮತ್ತು ಬೆತ್ತದ ಗುರುತಿರುವ ಪಾಲ್ಸನ್ ಕ್ಲೇ ಚಿಪ್‌ಗಳು ನಿಮ್ಮ ಚಿಪ್‌ಗಿಂತ ಹಗುರ. ಇಪ್ಪತ್ತನ್ನು ಒಟ್ಟಿಗೆ ತೂಗಿ 200 ಗ್ರಾಂ ಹತ್ತಿರ ಬಂದರೆ ಮುಂದೆ ಹೋಗಿ.

ಜಾರುವಿಕೆ ಮಾತ್ರ ನಿಜವಾಗಿ ಸಮಯ ಕೊಟ್ಟು ನೋಡಬೇಕಾದ ವಿಷಯ. ಸೆರಾಮಿಕ್‌ನ ಬಗ್ಗೆ ಅತಿ ಹೆಚ್ಚು ದೂರು ಬರುವುದು ಇದರ ಮೇಲೆಯೇ. ಹೊಸದಾಗಿದ್ದಾಗ ಅಟ್ಟಿ ನಿಲ್ಲುವುದಿಲ್ಲ, ತಳ್ಳಿದರೆ ಚೆಲ್ಲಾಡುತ್ತದೆ. ಬಿಲ್ಲೆಯ ಮೇಲ್ಮೈ ಗಾಜಿನಂತೆ ನುಣುಪಾಗಿದೆಯೋ, ಸಣ್ಣ ತರಿ ಇದೆಯೋ ಎಂಬುದು ಇಲ್ಲಿ ನಿರ್ಣಾಯಕ. ಬರಿ ಬೆರಳಿಗೆ ಇದು ಸರಿಯಾಗಿ ತಿಳಿಯುವುದಿಲ್ಲ, ಅಳೆಯಬೇಕು. ಹಲಗೆಯ ಒಂದು ತುದಿಯಲ್ಲಿ ಒಂದು ಚಿಪ್ಪನ್ನು ಟೇಪ್‌ನಿಂದ ಅಂಟಿಸಿ. ಅದರ ಮೇಲೆ ಮೂರು ಚಿಪ್ ಪೇರಿಸಿ. ಹಲಗೆಯ ಆ ತುದಿಯನ್ನು ನಿಧಾನವಾಗಿ ಎತ್ತುತ್ತ ಹೋಗಿ, ಮೇಲಿನವು ಜಾರಿದ ಕ್ಷಣ ತುದಿ ಮೇಜಿನಿಂದ ಎಷ್ಟು ಎತ್ತರದಲ್ಲಿತ್ತು ಎಂದು ಸ್ಕೇಲ್‌ನಲ್ಲಿ ನೋಡಿ ಬರೆದುಕೊಳ್ಳಿ. ಐದು ಸಲ ಮಾಡಿ, ಬಂದ ಐದು ಅಳತೆಗಳನ್ನು ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು ಹಿಡಿಯಿರಿ. ಹೆಚ್ಚು ಎತ್ತರ ಬಂದಷ್ಟೂ ಹಿಡಿತ ಹೆಚ್ಚು. ಇಪ್ಪತ್ತರ ಅಟ್ಟಿ ಇಟ್ಟು ಈ ಪರೀಕ್ಷೆ ಮಾಡಬೇಡಿ: 66 ಮಿ.ಮೀ. ಎತ್ತರ, 39 ಮಿ.ಮೀ. ಅಗಲದ ಅಟ್ಟಿ ಸುಮಾರು 30 ಡಿಗ್ರಿಗೆ ಮಗುಚಿಬೀಳುತ್ತದೆ, ಜಾರಿತೋ ಮಗುಚಿತೋ ತಿಳಿಯುವುದಿಲ್ಲ. ನಿಮ್ಮ ಹಳೆಯ ದಾಳದ ಚಿಪ್ಪನ್ನೂ ಹೀಗೆಯೇ ಅಳೆದಿಟ್ಟುಕೊಳ್ಳಿ. ಅದನ್ನು ವರ್ಷಗಟ್ಟಲೆ ಆಡಿದ್ದೀರಿ, ಅದರ ಹಿಡಿತ ಕೈಗೆ ಗೊತ್ತಿದೆ, ಹಾಗಾಗಿ ಹೊಸ ಅಳತೆಗೆ ಅರ್ಥ ಬರುತ್ತದೆ.

ತೊಳೆದ ಚಿಪ್ಪಿನ ಅಳತೆ ಒಂದು. ಆಟದ ಹೊತ್ತಿನ ಅಳತೆ ಇನ್ನೊಂದು. ಆಟದ ನಡುವೆ ಚಕ್ಕುಲಿ, ಕೋಡುಬಳೆ ಬಟ್ಟಲು ತಿರುಗುತ್ತಿದ್ದರೆ ಬೆರಳಿನ ಎಣ್ಣೆ ಚಿಪ್ಪಿಗೆ ಹತ್ತುತ್ತದೆ. ನಾಲ್ಕು ಚಿಪ್ಪಿಗೆ ಎಣ್ಣೆ ಕೈ ಸವರಿ, ಒಣಬಟ್ಟೆಯಲ್ಲಿ ಒಮ್ಮೆ ಒರೆಸಿ, ಮತ್ತೆ ಜಾರಿಸಿ ನೋಡಿ. ನುಣುಪು ಚಿಪ್ಪುಗಳ ಹಿಡಿತ ಇಲ್ಲಿ ಥಟ್ಟನೆ ಇಳಿಯುತ್ತದೆ. ತರಿಯಿರುವ ಚಿಪ್ಪು ಅಷ್ಟು ಕಳೆದುಕೊಳ್ಳುವುದಿಲ್ಲ, ಆದರೆ ತರಿಯ ಸಂದಿಯಲ್ಲಿ ಕೊಳೆ ಕೂರುತ್ತದೆ, ತೊಳೆಯುವಾಗ ಮೆತ್ತನೆಯ ಬ್ರಷ್ ಬೇಕಾಗುತ್ತದೆ. ನಿಮ್ಮಂಥ ಮನೆಯ ಆಟಕ್ಕೆ ತರಿಯಿರುವುದೇ ಸರಿ. ಅಚ್ಚಿನಲ್ಲೇ ಉಬ್ಬುಗೆರೆ ಮೂಡಿಸಿ ಅದರ ಮೇಲೆ ಬಣ್ಣ ಹಿಡಿಸಿದ, ಹೈಬ್ರಿಡ್ ಎಂದು ಕರೆಯುವ ಬಗೆಯೂ ಸಿಗುತ್ತದೆ. ಹಿಡಿತ ಬೇಕೆನ್ನುವವರು ಅದರ ಸ್ಯಾಂಪಲ್ ಒಂದನ್ನೂ ಸೇರಿಸಿಕೊಳ್ಳಬಹುದು.

ಸದ್ದು, ಕೈಗೆ ಸಿಗುವ ಅನುಭವ ಇವು ಅಳತೆಗೆ ಸಿಗವು, ಆದರೂ ಮುಖ್ಯ. ಇದಕ್ಕೆ ಗೆಳೆಯರನ್ನೇ ಕೂರಿಸಿ. ಕಣ್ಣು ಮುಚ್ಚಿಸಿ, ಆರು ಆರು ಚಿಪ್‌ಗಳ ಎರಡು ಅಟ್ಟಿ ಕೊಟ್ಟು ಒಂದು ಕೈಯಲ್ಲಿ ಬೆರೆಸಲು ಹೇಳಿ. ಯಾರ ಚಿಪ್ಪೆಂದು ಹೇಳಬೇಡಿ. ಚೂಪಾದ ಅಂಚಿದ್ದರೆ ಎರಡು ನಿಮಿಷದಲ್ಲಿ ಬೆರಳಿನ ಬದಿ ಹೇಳುತ್ತದೆ. ಅಂಚು ತುಸು ಗುಂಡಾಗಿದ್ದರೆ ಬೆರೆಸಲು ಸುಲಭ, ಅಟ್ಟಿ ತುಸು ಸಡಿಲ. ಅಂಚು ಚೌಕವಾಗಿದ್ದರೆ ಅಟ್ಟಿ ಕಂಬದಂತೆ ನಿಲ್ಲುತ್ತದೆ, ಬೆರೆಸುವಾಗ ತಡೆಯುತ್ತದೆ. ಇದರಲ್ಲಿ ಸರಿ-ತಪ್ಪಿಲ್ಲ, ನಿಮ್ಮ ಮೇಜಿನವರು ಯಾವುದನ್ನು ಕೇಳುತ್ತಾರೋ ಅದು. ಪರೀಕ್ಷೆಯನ್ನು ಮಾತ್ರ ನೀವು ಆಡುವ ಮೇಜಿನ ಮೇಲೆಯೇ ಮಾಡಿ. ಬರಿ ಮರದ ಮೇಲೆ ಸೆರಾಮಿಕ್‌ನ ಸದ್ದು ಟಣ್ ಎಂದು ತೀಕ್ಷ್ಣವಾಗಿರುತ್ತದೆ, ಬಟ್ಟೆಯ ಮೇಲೆ ಅದೇ ಚಿಪ್ ಬೇರೆಯದೇ ಅನ್ನಿಸುತ್ತದೆ.

ಇನ್ನು ಮುದ್ರಣ. ಇಪ್ಪತ್ತನ್ನೂ ಸಾಲಾಗಿ ಹರಡಿ, ನಡುವಿನ ಚಿತ್ರ ಎಲ್ಲದರಲ್ಲೂ ನಡುವಿನಲ್ಲೇ ಇದೆಯೇ ನೋಡಿ. ಒಂದು ಬದಿಗೆ ಜರುಗಿದ್ದರೆ ಅಂಚಿನ ಬಣ್ಣದ ಉಂಗುರ ಒಂದು ಕಡೆ ದಪ್ಪ, ಎದುರು ಕಡೆ ತೆಳ್ಳಗೆ ಕಾಣುತ್ತದೆ. ನಂತರ ಅಂಚಿನ ಪಟ್ಟೆಗಳು. ಮುಖ ಮತ್ತು ಅಂಚು ಬೇರೆ ಬೇರೆಯಾಗಿ ಅಚ್ಚಾಗುವುದರಿಂದ ಮುಖದ ಪಟ್ಟೆ ಅಂಚಿನ ಪಟ್ಟೆಗೆ ಕೂಡದೆ ಹೋಗಬಹುದು. 39 ಮಿ.ಮೀ. ಚಿಪ್ಪಿನ ಸುತ್ತಳತೆ 122.5 ಮಿ.ಮೀ., ಹಾಗಾಗಿ ಬಿಲ್ಲೆ ಮೂರು ಡಿಗ್ರಿ ತಿರುಗಿ ಕೂತರೂ ಪಟ್ಟೆ 1 ಮಿ.ಮೀ. ಜರುಗುತ್ತದೆ. ಒಳ್ಳೆಯ ಮುದ್ರಕರ ಕೆಲಸದಲ್ಲೂ ಅರ್ಧ ಮಿಲಿಮೀಟರ್ ಆಚೀಚೆ ಇರುತ್ತದೆ, ಅದನ್ನು ದೋಷ ಎನ್ನಬಾರದು. ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಒಂದೂವರೆ ಮಿಲಿಮೀಟರ್ ಓಡಿದ್ದರೆ ಅದು ಕೆಟ್ಟ ಕೆಲಸ. ನಿಮ್ಮದೇ ವಿನ್ಯಾಸ ಮಾಡಿಸುವುದಾದರೆ ಇದಕ್ಕೆ ಸುಲಭದ ಉಪಾಯವಿದೆ: ಅಂಚಿನ ಪಟ್ಟೆಗಳು ಕಡಿಮೆ ಇರಲಿ, ಅಗಲವಾಗಿರಲಿ. ಎರಡು ಮಿಲಿಮೀಟರ್‌ನ ಸಣ್ಣ ಪಟ್ಟೆ ಒಂದು ಮಿಲಿಮೀಟರ್ ಜರುಗಿದರೆ ಅರ್ಧ ಹೋಯಿತು. ಹತ್ತು ಮಿಲಿಮೀಟರ್‌ನದು ಅಷ್ಟೇ ಜರುಗಿದರೆ ಕಣ್ಣು ಹುಡುಕಬೇಕು. ಅಗ್ಗದ ಕೆಲವು ಚಿಪ್‌ಗಳಿಗೆ ಅಂಚಿನ ಮುದ್ರಣವೇ ಇರುವುದಿಲ್ಲ. ಅಂಥದ್ದನ್ನು ಬಿಟ್ಟುಬಿಡಿ. ಆಟದಲ್ಲಿ ಎದುರಿನವನಿಗೆ ಕಾಣುವುದು ನಿಮ್ಮ ಅಟ್ಟಿಯ ಅಂಚು ಮಾತ್ರ.

ಗಾಢ ಬಣ್ಣಗಳಲ್ಲಿ ಕಪ್ಪನ್ನು ಹಗಲಿನ ಬೆಳಕಿನಲ್ಲಿ ನೋಡಿ. ಶಾಖ ಅಥವಾ ಸಮಯ ಹೆಚ್ಚುಕಡಿಮೆಯಾದರೆ ಕಪ್ಪು ಕಂದಿಗೆ ತಿರುಗುತ್ತದೆ. ಇಪ್ಪತ್ತರಲ್ಲಿ ಕೆಲವು ಕಪ್ಪು, ಕೆಲವು ಕಂದುಗಪ್ಪು ಇದ್ದರೆ ಅವರ ಕೆಲಸದಲ್ಲಿ ಹಿಡಿತವಿಲ್ಲ ಎಂದರ್ಥ. ಸವೆತ ತಿಳಿಯಲು ಪ್ರತಿ ಬಗೆಯಿಂದ ಎರಡು ಗಾಢ ಚಿಪ್ಪುಗಳನ್ನು ಬಲಿ ಕೊಡಿ. ಸ್ಟೀಲ್ ಡಬ್ಬಿಗೆ ಹಾಕಿ ಎರಡು ನಿಮಿಷ ಜೋರಾಗಿ ಕುಲುಕಿ, ಆಮೇಲೆ ಫೋನ್ ಕ್ಯಾಮೆರಾ ಹತ್ತಿರ ಹಿಡಿದು ಅಂಚು ನೋಡಿ. ಎಲ್ಲದರಲ್ಲೂ ಒಂದಷ್ಟು ಬಿಳಿ ಚುಕ್ಕೆ ಬರುತ್ತವೆ. ಗೆರೆಗೆರೆಯಾಗಿ ಬಣ್ಣ ಹಾರಿದ್ದರೆ ಬಣ್ಣ ಆಳಕ್ಕೆ ಇಳಿದಿಲ್ಲ. ಸಾಬೂನು ನೀರಿನ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಟ್ಟೆಗೆ ಬಣ್ಣ ಹತ್ತಿದರಂತೂ ಅದು ಸಬ್ಲಿಮೇಷನ್ ಸರಿಯಾಗಿ ಆಗದ ಚಿಪ್.

ಬಣ್ಣಗಳ ಆಯ್ಕೆಯಲ್ಲಿ ನಿಮ್ಮ ರಾಜ್ಯದ ಕ್ಯಾಸಿನೊಗಳ ರೂಢಿಯನ್ನೇ ಹಿಡಿಯುವುದು ಒಳ್ಳೆಯದು. ಅಟ್ಲಾಂಟಿಕ್ ಸಿಟಿಯಲ್ಲಿ 1 ಡಾಲರ್ ಬಿಳಿ, 5 ಕೆಂಪು, 25 ಹಸಿರು, 100 ಕಪ್ಪು. ಹೊಸದಾಗಿ ಬಂದವರಿಗೂ ವಿವರಿಸಬೇಕಿಲ್ಲ. 25 ಸೆಂಟ್‌ಗೆ ಗುಲಾಬಿ ಅಥವಾ ತಿಳಿನೀಲಿ ಇಟ್ಟುಕೊಳ್ಳಿ. ಬಿಳಿ ಕೊಳೆಯಾಗುತ್ತದೆ ಎಂದು ಕೆಲವರು ಹಿಂಜರಿಯುತ್ತಾರೆ. ಸೆರಾಮಿಕ್‌ನಲ್ಲಿ ಅದಕ್ಕೆ ಹೆದರಬೇಕಿಲ್ಲ. ಕೊಳೆ ತೊಳೆದರೆ ಹೋಗುತ್ತದೆ, ಗಾಢ ಚಿಪ್ಪಿನ ಅಂಚು ಜಜ್ಜಿ ಬಂದ ಬಿಳಿ ಮಚ್ಚೆ ಹೋಗುವುದಿಲ್ಲ. ಹೆಚ್ಚು ಕೈಗೆ ಸಿಗುವ 1 ಡಾಲರ್ ಚಿಪ್ ಬಿಳಿ ಇರುವುದು ಲಾಭವೇ. ಆದರೆ ಕೆಂಪು-ಹಸಿರು ಬೇರೆ ಮಾಡಿ ಕಾಣಲು ಕಷ್ಟಪಡುವ ಗಂಡಸರು ಕಡಿಮೆಯಿಲ್ಲ. ಹತ್ತು ಜನರ ಮೇಜಿನಲ್ಲಿ ಒಬ್ಬರು ಇರುವ ಸಾಧ್ಯತೆ ಸಾಕಷ್ಟಿದೆ. 5 ಮತ್ತು 25ರ ಅಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೀವು ಆಡುವ ರಾತ್ರಿ ದೀಪದಲ್ಲಿ ಫೋಟೊ ತೆಗೆದು, ಅದನ್ನು ಫೋನಿನಲ್ಲೇ ಕಪ್ಪು-ಬಿಳುಪಿಗೆ ತಿರುಗಿಸಿ. ಎರಡೂ ಒಂದೇ ಬೂದು ಬಣ್ಣವಾಗಿ ಕಂಡರೆ ಅಂಚಿನ ಪಟ್ಟೆ ಬದಲಿಸಬೇಕು. ಕೆಂಪಿಗೆ ಬಿಳಿ ಪಟ್ಟೆ ನಾಲ್ಕು, ಹಸಿರಿಗೆ ಕಪ್ಪು ಪಟ್ಟೆ ಎರಡು ಎಂಬಂತೆ. ಒಂದು ಬಣ್ಣದ ಅಟ್ಟಿಯ ನಡುವೆ ಬೇರೆ ಬಣ್ಣದ ಒಂದು ಚಿಪ್ ತೂರಿಸಿ ಆರು ಅಡಿ ದೂರದಿಂದ ನೋಡಿ. ತಟ್ಟನೆ ಕಾಣಬೇಕು.

ಕನ್ನಡದಲ್ಲಿ ಹೆಸರು ಹಾಕಿಸುವ ವಿಷಯಕ್ಕೆ ಬರೋಣ. ಖಂಡಿತ ಆಗುತ್ತದೆ, ಆದರೆ ಇಂಗ್ಲಿಷ್ ಅಕ್ಷರಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ನಮ್ಮ ಅಕ್ಷರಗಳಲ್ಲಿ ಸಣ್ಣ ಸುರುಳಿಗಳು, ಒತ್ತುಗಳು ಹೆಚ್ಚು. ಆವಿಯಾಗಿ ಹರಡುವ ಬಣ್ಣ ಮೊದಲು ಮುಚ್ಚುವುದು ಆ ಸುರುಳಿಯ ಒಳಗಿನ ಬಿಳಿಯನ್ನೇ. ಹೆಸರಿನ ಮುಖ್ಯ ಅಕ್ಷರದ ಎತ್ತರ ಕನಿಷ್ಠ 4 ಮಿ.ಮೀ. ಇರಲಿ. ಒತ್ತಕ್ಷರವಿದ್ದರೆ ಅದರ ಕೆಳಗೆ ಇನ್ನೂ 2 ಮಿ.ಮೀ. ಬಿಡಿ. ದಪ್ಪ ಫಾಂಟ್ ಬೇಡ, ತೀರ ತೆಳುವೂ ಬೇಡ. ತರಿಯಿರುವ ಬಿಲ್ಲೆಯಲ್ಲಿ ತೆಳು ಗೆರೆ ತುಂಡಾಗುತ್ತದೆ. ತಿಳಿ ಹಿನ್ನೆಲೆಯಲ್ಲಿ ಗಾಢ ಅಕ್ಷರ ಇರಲಿ. ಗಾಢ ಹಿನ್ನೆಲೆಯಲ್ಲಿ ಬಿಳಿ ಅಕ್ಷರವಾದರೆ ಸುತ್ತಲ ಬಣ್ಣ ಒಳಗೆ ಹರಡಿ ಅಕ್ಷರ ಸೊರಗುತ್ತದೆ, ಏಕೆಂದರೆ ಈ ವಿಧಾನದಲ್ಲಿ ಬಿಳಿ ಶಾಯಿಯೇ ಇಲ್ಲ, ಬಿಳಿ ಎಂದರೆ ಮುದ್ರಿಸದೆ ಬಿಟ್ಟ ಜಾಗ.

ಫೈಲ್ ಕಳಿಸುವಾಗ ಕನ್ನಡ ಪಠ್ಯವನ್ನು ಔಟ್‌ಲೈನ್‌ಗೆ ಬದಲಿಸಿಯೇ, ಅಂದರೆ ಫಾಂಟ್ ಬೇಡದ ಗೆರೆಯ ಆಕೃತಿಯಾಗಿಸಿ, ಕಳಿಸಬೇಕು. ಪಠ್ಯವಾಗಿ ಕಳಿಸಿದರೆ ಅವರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರದೆ ಒತ್ತುಗಳು ಪಕ್ಕಕ್ಕೆ ಬಿದ್ದು, ಕೊಂಬು ಕಳಚಿ ಏನೋ ಆಗಿರುತ್ತದೆ, ಅಲ್ಲಿ ಓದಬಲ್ಲವರು ಯಾರೂ ಇರುವುದಿಲ್ಲ. ಚಿತ್ರವಾಗಿ ಕಳಿಸುವುದಾದರೆ 600 ಡಿಪಿಐ (ಇಂಚಿಗೆ 600 ಚುಕ್ಕೆ) ಇರಲಿ: 39 ಮಿ.ಮೀ.ಗೆ ಸುಮಾರು 921 ಪಿಕ್ಸೆಲ್, ಜೊತೆಗೆ ಅವರು ಕೇಳಿದಷ್ಟು ಹೊರಚಾಚು (ಅಂಚಿನಾಚೆ ಬಿಡುವ ಹೆಚ್ಚುವರಿ ಚಿತ್ರ). ಅಂಕಿಗಳನ್ನು ಮಾತ್ರ 1, 5, 25 ಎಂದೇ ದೊಡ್ಡದಾಗಿ ಬರೆಸಿ. ಕನ್ನಡ ಅಂಕಿ ಬೇಕೆನ್ನಿಸಿದರೆ ಸಣ್ಣದಾಗಿ ಜೊತೆಗಿರಲಿ. ೧ ಮತ್ತು ೦ ಚಿಪ್ ಅಳತೆಯಲ್ಲಿ, ಸುತ್ತ ತಿರುಗಿಸಿಟ್ಟಾಗ, ಬೇಗ ಬೇರೆಯಾಗಿ ಕಾಣುವುದಿಲ್ಲ.

ಇನ್ನೊಂದು ಅಪಾಯ ನಿಮ್ಮ ಸೆಟ್‌ನಲ್ಲೇ ಇದೆ. 25 ಸೆಂಟ್ ಮತ್ತು 25 ಡಾಲರ್ ಎರಡರ ಮೇಲೂ 25 ಎಂಬ ಅಂಕಿ ಬರುತ್ತದೆ, ಬೆಲೆಯಲ್ಲಿ ನೂರು ಪಟ್ಟು ಅಂತರ. ಚಿಕ್ಕದರ ಮೇಲೆ ಅಂಕಿಯೇ ಬೇಡ, ‘ಕಾಲು’ ಎಂದು ಬರೆಸಿ. ಓದಲು ಸುಲಭ, ಅಕ್ಷರವೂ ಸರಳ, ಒತ್ತಿಲ್ಲ. ಕನ್ನಡ ಬಾರದ ಗೆಳೆಯರಿಗೆ ಬಣ್ಣವೇ ಸಾಕಾಗುತ್ತದೆ. ಯಾವುದೇ ನಡೆಯುತ್ತಿರುವ ಕ್ಯಾಸಿನೊದ ಹೆಸರು, ಲಾಂಛನ ಹಾಕಿಸಬೇಡಿ. ಜವಾಬ್ದಾರಿಯಿರುವ ಮುದ್ರಕರು ಒಪ್ಪುವುದೂ ಇಲ್ಲ.

600 ಚಿಪ್ಪಿನ ಹಂಚಿಕೆ ನಿಮ್ಮ ಬ್ಲೈಂಡ್‌ಗೆ ಹೀಗಿರಲಿ: ಕಾಲು ಡಾಲರ್ 120, 1 ಡಾಲರ್ 220, 5 ಡಾಲರ್ 200, 25 ಡಾಲರ್ 60. ಒಬ್ಬರಿಗೆ 50 ಡಾಲರ್ ಕೊಡುವಾಗ ಕಾಲು 12, ಒಂದು 17, ಐದು 6 ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಹತ್ತು ಜನರಿಗೆ ಕೊಟ್ಟ ಮೇಲೂ ಒಂದರಲ್ಲಿ 50, ಐದರಲ್ಲಿ 140 ಉಳಿಯುತ್ತವೆ. ಮರುಖರೀದಿಗೆ 5 ಮತ್ತು 25 ಸಾಕು. ಕಾಲಿನ ಚಿಪ್ 120ರಲ್ಲಿ ಎಲ್ಲವೂ ಮೇಜಿಗೆ ಬರುವುದರಿಂದ ಕಳೆದುಹೋದರೆ ತೊಂದರೆ, ಸಾಧ್ಯವಾದರೆ ಅದನ್ನು 140 ಮಾಡಿ, ಐದನ್ನು 180ಕ್ಕೆ ಇಳಿಸಿ. ಟೂರ್ನಮೆಂಟ್ ಆಡುವ ಯೋಚನೆಯಿದ್ದರೆ ಇದೇ ಸೆಟ್‌ನಲ್ಲಿ ತೂರಿಸಬೇಡಿ. ಅದಕ್ಕೆ ಡಾಲರ್ ಗುರುತಿಲ್ಲದ 25, 100, 500, 1000ದ ಬೇರೆ ಸೆಟ್ ಬೇಕು.

ಆರ್ಡರ್ ಕೊಡುವ ಮೊದಲು ಮಾರಾಟಗಾರರಿಂದ ಬರಹದಲ್ಲಿ ಪಡೆಯಬೇಕಾದ ಉತ್ತರಗಳಿವೆ. ಸ್ಯಾಂಪಲ್‌ಗೆ ಬಳಸಿದ ಬಿಲ್ಲೆಯನ್ನೇ ಪೂರ್ತಿ ಸೆಟ್‌ಗೂ ಬಳಸುತ್ತೀರಾ? ಮುದ್ರಕರು ಬಿಲ್ಲೆಯನ್ನು ಬೇರೆಯವರಿಂದ ತರಿಸುವುದುಂಟು, ಅದು ಬದಲಾದರೆ ತರಿ, ದಪ್ಪ, ಅಂಚು ಎಲ್ಲ ಬದಲಾಗುತ್ತದೆ. ಎಲ್ಲ 600ನ್ನೂ ಒಂದೇ ಬ್ಯಾಚ್‌ನಲ್ಲಿ ಮುದ್ರಿಸುತ್ತೀರಾ? ದೋಷದ ಚಿಪ್ಪಿಗೆ ಬದಲಿ ಕೊಡುವ ಗಡುವು ಎಷ್ಟು ದಿನ? ಇದರ ಜೊತೆಗೆ ನಿಮ್ಮ ಸ್ವಂತ ವಿನ್ಯಾಸದಲ್ಲಿ, ಪ್ರತಿ ಬೆಲೆಗೆ ಐದೈದರಂತೆ ಇಪ್ಪತ್ತು ಚಿಪ್ ಮುದ್ರಿಸಿ ಕಳಿಸಲು ಹಣ ಕೊಟ್ಟು ಕೇಳಿ. ಕಂಪ್ಯೂಟರ್ ಪರದೆಯ ಮೇಲಿನ ಮಾದರಿ ನೋಡಿ ಒಪ್ಪಿಗೆ ಕೊಡಬೇಡಿ. ಪರದೆಯ ಹೊಳೆಯುವ ನೇರಳೆ ಚಿಪ್ಪಿನ ಮೇಲೆ ಮಂಕಾಗಿ ಬರುವುದು, ಕೇಸರಿ ಕೆಂಪಿನ ಕಡೆ ವಾಲುವುದು ಮಾಮೂಲು. ಈ ಹಂತವನ್ನು ಒಪ್ಪದ ಮುದ್ರಕರಿಗಿಂತ ಸಿದ್ಧ ವಿನ್ಯಾಸದ ಸೆಟ್ ಮೇಲು.

ಚೀನಾದ ದರ ಕಡಿಮೆ ಕಂಡರೂ ಮನೆ ಬಾಗಿಲಿಗೆ ಬಂದು ಬೀಳುವ ಒಟ್ಟು ವೆಚ್ಚವನ್ನೇ ಹೋಲಿಸಿ. 600 ಚಿಪ್ ಎಂದರೆ ರ‍್ಯಾಕ್ ಇಲ್ಲದೆಯೇ 6 ಕೆ.ಜಿ., ಸಾಗಣೆ ಸಣ್ಣ ಮೊತ್ತವಲ್ಲ. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿ ಚೀನಾದ ಸರಕಿಗೆ 2025ರ ಮೇ ತಿಂಗಳಲ್ಲಿ ನಿಂತಿತು. ಸುಂಕ ಯಾರ ತಲೆ ಮೇಲೆ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ನಿಮ್ಮ ಮೂರರಲ್ಲಿ ಯಾವುದು ಎಂದು ಕೇಳಿದ್ದೀರಿ. ಕನ್ನಡದ ಹೆಸರು ಮುಖ್ಯವಾದರೆ ಸಿದ್ಧ ಸೆಟ್ ತಾನಾಗಿ ಹೊರಗೆ. ಉಳಿದ ಇಬ್ಬರಲ್ಲಿ ಚಪ್ಪಟೆತನ ಮತ್ತು ದಪ್ಪದಲ್ಲಿ ಸೋತವರನ್ನು ಬಿಡಿ. ಇಬ್ಬರೂ ಪಾಸಾದರೆ ಜಾರುವಿಕೆಯಲ್ಲಿ ಗೆದ್ದವರನ್ನು ಹಿಡಿಯಿರಿ. ಬಣ್ಣ, ಅಕ್ಷರದ ತಪ್ಪನ್ನು ಎರಡನೇ ಮಾದರಿಯಲ್ಲಿ ತಿದ್ದಿಸಬಹುದು. ಬಿಲ್ಲೆಯ ತಪ್ಪನ್ನು ಯಾರೂ ತಿದ್ದಿಕೊಡಲಾರರು.

ಸೆಟ್ ಬಂದ ದಿನವೇ ಎಣಿಸಿ. ನೂರರ ರ‍್ಯಾಕ್‌ಗಳಲ್ಲಿ ತುಂಬಿ, ಪ್ರತಿ ಸಾಲಿನ ಅಂಚನ್ನು ಪಕ್ಕದ ಬೆಳಕಿನಲ್ಲಿ ನೋಡಿ. ನಂತರ ಪ್ರತಿ ಬಣ್ಣದಿಂದ ಮೂರು ಅಟ್ಟಿ ತೆಗೆದು ಎತ್ತರ ಅಳೆದು, ಒಪ್ಪಿಗೆ ಕೊಟ್ಟ ಮಾದರಿಯ ಅಳತೆಗೆ ಹೋಲಿಸಿ. ಬಾಗಿದವು, ಬಣ್ಣ ತಪ್ಪಿದವು ಸಿಕ್ಕರೆ ಸರಿಯಾದ ಚಿಪ್ಪಿನ ಪಕ್ಕ ಇಟ್ಟು ಫೋಟೊ ತೆಗೆದು ಗಡುವಿನೊಳಗೆ ಕಳಿಸಿ. ಈ ಕೆಲಸ ಮುಗಿಯುವವರೆಗೆ ಆಟಕ್ಕೆ ಇಳಿಸಬೇಡಿ. ಬಳಸಿದ ಚಿಪ್ಪಿಗೆ ಬದಲಿ ಕೊಡಲು ಮಾರಾಟಗಾರರು ಒಪ್ಪುವುದು ಕಷ್ಟ. ಪ್ರತಿ ಬಣ್ಣದ ಎರಡೆರಡು ಚಿಪ್ಪನ್ನು ಮೇಜಿಗೆ ತರದೆ, ಬಿಸಿಲು ತಾಗದ ಕಡೆ ಎತ್ತಿಡಿ. ಮುಂದೆ ಇನ್ನಷ್ಟು ಮುದ್ರಿಸಬೇಕಾದಾಗ ಬಣ್ಣ ಹೊಂದಿಸಲು ಮುದ್ರಕರಿಗೆ ಕಳಿಸಬೇಕಾದದ್ದು ಅವನ್ನೇ.